ಶ್ರೀರಂಗಯ್ಯ ಮೇಷ್ಟ್ರ ತೆಂಗಿನಕಾಯಿ ಇಂಜಿನ್ನು

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರೊಂದೇ ಹಾಗೆ ಎಂದುಕೊಂಡು ಸುತ್ತಮುತ್ತಲಿನ ಊರುಗಳೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿಬಿಡುತ್ತವೆ. ಹಾಲ್ಕುರಿಕೆಯಿಂದ ಒಂದಷ್ಟು ದೂರ, ರಸ್ತೆಯ ಎರಡೂ ಕಡೆ ತೆಂಗಿನ ತೋಟ, ಅದರಾಚೆ ರಾಗಿ ಹೊಲ, ಊರ ತಲೆಯಲ್ಲೊಂದು ಸರ್ಕಾರಿ ಪ್ರೌಢಶಾಲೆ. ಇಷ್ಟು ಗೊತ್ತಿದ್ದರೆ ಸಾಕು. ಎಂಬತ್ತರ ಆಸುಪಾಸಿನಲ್ಲಿ ಆ ಶಾಲೆಗೆ ಶ್ರೀರಂಗಯ್ಯ ಎಂಬ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಬಂದರು.

ಬಂದ ದಿನವೇ ಊರಿಗೆ ಅವರ ಜಾತಿ ಗೊತ್ತಾಗಿತ್ತು. ಮೇಷ್ಟ್ರಿಗೆ ಯಾವ ಪಾಠ ಬರುತ್ತದೆ ಎಂದು ಕೇಳುವುದಕ್ಕೆ ಮೊದಲು ಅದನ್ನು ಕೇಳಿ ತಿಳಿದುಕೊಂಡಿದ್ದರು. ಊರೊಳಗೆ ಬಾಡಿಗೆಗೆ ಮನೆ ಕೇಳಿದರೆ ಒಬ್ಬರು ಕೊಬ್ಬರಿ ತುಂಬಿದ್ದೇವೆ ಅಂದರು, ಇನ್ನೊಬ್ಬರು ಮಗಳ ಬಾಣಂತನ ಅಂದರು. ಆ ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ! ಕೊನೆಗೆ ಶ್ರೀರಂಗಯ್ಯ, ಹೆಂಡತಿ ಕೊಲ್ಲಾಪುರಮ್ಮನ ಜೊತೆ, ಊರಾಚೆಯ ಕಾಲೋನಿಯಲ್ಲಿ ಒಂದು ಒಂಟಿಮನೆ ಹಿಡಿದರು.

ಅವರ ತಂದೆ ಗಿಡ್ಡಯ್ಯ ಅರಳಗುಪ್ಪೆ ಕಡೆಯ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದವರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ತಿರುವಿ, ಸಿಪ್ಪೆ ಕಿತ್ತು ಎಸೆಯುವುದರಲ್ಲೇ ಆಯುಷ್ಯ ಕಳೆದರು. ಗೌಡರ ಅಟ್ಟದಲ್ಲಿ ವರ್ಷೊಪ್ಪತ್ತು ಒಣಗಿದ ಕಾಯಿಯನ್ನು ಕೊಬ್ಬರಿಗೆ ಸುಲಿಯುತ್ತಿದ್ದವರೂ ಅವರೇ, ಅವರು ಸುಲಿದ ಕಾಯಿ ದೇವರ ಮುಂದೆಯೂ ಕೂರುತ್ತಿತ್ತು. ಗಿಡ್ಡಯ್ಯನಿಗೆ ಬಾಯಾರಿದರೆ ಮಾತ್ರ ಬೊಗಸೆ ಒಡ್ಡಿ ನಿಲ್ಲಬೇಕು, ಮೇಲಿನಿಂದ ಯಾರಾದರೂ ಸುರಿಯಬೇಕು. ಒಡೆಯದ ಕಾಯಿಗೆ ಮೈಲಿಗೆ ಇಲ್ಲ, ನೀರಿಗೆ ಉಂಟು. ಈ ಶಾಸ್ತ್ರ ಬರೆದ ಪುಣ್ಯಾತ್ಮ ಯಾರೋ, ಅವನಿಗೆ ಕಾಯಿ ಸುಲಿಯುವ ಕೆಲಸ ಮಾತ್ರ ಖಂಡಿತ ಬರುತ್ತಿರಲಿಲ್ಲ. ಬಂದಿದ್ದರೆ ಕಾಯಿಗೂ ಮೈಲಿಗೆ ಹಚ್ಚಿ ತಾನೇ ಸುಲಿದುಕೊಳ್ಳುತ್ತಿದ್ದ.

ಶ್ರೀರಂಗಯ್ಯನವರಿಗೆ ಆವಿಯ ಹುಚ್ಚು ಹಿಡಿದದ್ದು ತಿಪಟೂರಿನಲ್ಲಿ, ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವಾಗ. ಸಂಜೆ ಸ್ಟೇಷನ್ನಿಗೆ ಹೋಗಿ ಅರಸೀಕೆರೆ ಕಡೆಯ ಗಾಡಿ ಬರುವುದನ್ನು ಕಾಯುತ್ತಿದ್ದರು. ಇಂಜಿನ್ನು ಬುಸ್ಸೆಂದು ಆವಿ ಬಿಟ್ಟರೆ ಪ್ಲಾಟ್‌ಫಾರಂ ಮೇಲೆ ಇದ್ದವರೆಲ್ಲರ ಮುಖವೂ ಒದ್ದೆಯಾಗುತ್ತಿತ್ತು, ಕೊಬ್ಬರಿ ಮಂಡಿಯ ಸಾಹುಕಾರರದೂ, ಹಮಾಲಿಯದೂ. ಇಷ್ಟು ದೊಡ್ಡ ಕಬ್ಬಿಣವನ್ನು ಕುದಿಯುವ ನೀರು ಎಳೆಯುತ್ತದೆ ಅನ್ನುವುದು ಅವರಿಗೆ ಕೊನೆಯವರೆಗೂ ಹಳತಾಗಲಿಲ್ಲ. ಮೇಷ್ಟ್ರಾದ ಮೇಲೆ ಅವರದು ಒಂದೇ ಹಟ: ವಿಜ್ಞಾನವನ್ನು ಬಾಯಲ್ಲಿ ಹೇಳಬಾರದು, ಮಕ್ಕಳ ಕಣ್ಣೆದುರು ತನ್ನ ಕೈಯಿಂದ ಮಾಡಿ ತೋರಿಸಬೇಕು. ಅದಾಗದಿದ್ದರೆ ಸಂಬಳ ತೆಗೆದುಕೊಳ್ಳುವುದೂ ಕಳ್ಳತನವೇ ಅನ್ನುತ್ತಿದ್ದರು.

ಶಾಲೆಯಲ್ಲಿ ಪ್ರಯೋಗದ ಸಾಮಾನಿಗೆ ಬರವಿತ್ತು. ಹೆಡ್‌ಮಾಸ್ಟರ್ ತೋಂಟದಾರ್ಯರ ಕೋಣೆಯಲ್ಲಿ ಒಂದು ಬೀರು ಇತ್ತು, ಅದಕ್ಕೊಂದು ಬೀಗವೂ ಇತ್ತು. ಒಡೆದುಹೋದರೆ ಯಾರು ಜವಾಬ್ದಾರಿ ಎಂದು ಅವರು ಅದನ್ನು ತೆಗೆಯುತ್ತಲೇ ಇರಲಿಲ್ಲ. ಹಾಗಾಗಿ ಶ್ರೀರಂಗಯ್ಯ ಮನೆಯ ಸಾಮಾನಿಗೆ ಕೈಹಾಕಿದರು. ಮೊದಲ ಪಾಠಕ್ಕೆ ಒಂದು ಬಲೂನು, ಒಂದು ಉದ್ದ ದಾರ. ಬಲೂನು ಊದಿ, ದಾರಕ್ಕೆ ಪೋಣಿಸಿದ ಪೊಳ್ಳು ಕಡ್ಡಿಗೆ ಅಂಟಿಸಿ ಬಾಯಿ ಬಿಟ್ಟರೆ ಬಲೂನು ಸೊಂಯ್ಯೆಂದು ಗೋಡೆಯಿಂದ ಗೋಡೆಗೆ ಓಡಿತು. ‘ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ಜೆಟ್ ವಿಮಾನಾನೂ ಹೀಗೇ ಕಣ್ರೋ’ ಅಂದರು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಬಲೂನಿನೊಳಗಿನ ಗಾಳಿಗೆ ಊರಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಗಾಳಿಗೆ ಜಾತಿ ಹಚ್ಚುವುದು ಅವರಿಗೂ ಕಷ್ಟವಾಗಿರಬೇಕು.

ತಕರಾರು ಬಂದದ್ದು ಎರಡನೆಯ ಪಾಠಕ್ಕೆ. ಡಾಲ್ಡಾ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ತೂತು ಮಾಡಿ, ನೀರು ಕಾಯಿಸಿ, ಬರುವ ಆವಿಗೆ ತಗಡಿನ ಗಿರಗಟ್ಟಲೆ ಒಡ್ಡಿ ತಿರುಗಿಸಬೇಕು. ಶ್ರೀರಂಗಯ್ಯ ವರಾಂಡದಲ್ಲಿದ್ದ ಮಕ್ಕಳ ಕುಡಿಯುವ ನೀರಿನ ಗುಡಾಣಕ್ಕೆ ಲೋಟ ಅದ್ದಿ ಡಬ್ಬಿಗೆ ನೀರು ತುಂಬಿದರು. ಗಿರಗಟ್ಟಲೆ ಭರ್ರನೆ ತಿರುಗಿತು. ಮಾರನೆಯ ದಿನ ಹೆಡ್‌ಮಾಸ್ಟರು ಕರೆಸಿದರು.

‘ನೋಡಿ ಶ್ರೀರಂಗಯ್ಯ, ನಂದೇನೂ ಇಲ್ಲ. ನಾನು ಅಂಥವನಲ್ಲ’ ಎಂದು ತೋಂಟದಾರ್ಯರು ಶುರುಮಾಡಿದರು. ‘ಯಾರೂ ಜಾತಿ ಮಾತಾಡ್ತಿಲ್ಲ. ಸ್ವಚ್ಛತೆ ಅಷ್ಟೆ. ಸೀಮೆಸುಣ್ಣದ ಕೈ ನೋಡಿ, ಮಕ್ಕಳು ಕುಡಿಯೋ ನೀರು.’

‘ಡ್ರಾಯಿಂಗ್ ಮೇಷ್ಟ್ರು ಮರುಳಪ್ಪನವರ ಕೈಯಲ್ಲೂ ಸೀಮೆಸುಣ್ಣ ಇರುತ್ತಲ್ಲ ಸಾರ್?’

‘ವಾದ ಬೇಡಿ. ದೊಡ್ಡಣ್ಣನೋರು ಬಂದಿದ್ರು.’

ದೊಡ್ಡಣ್ಣ ಎಂದರೆ ಊರಿನ ದೊಡ್ಡ ತೋಟದ ಯಜಮಾನ, ಶಾಲೆಯ ಕಮಿಟಿಗೆ ಅಧ್ಯಕ್ಷ. ಅವನ ಮಗಳು ಅದೇ ತರಗತಿಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಗಿರಗಟ್ಟಲೆಯ ಕಥೆಯನ್ನು ಸಂಭ್ರಮದಿಂದ ಹೇಳಿದವಳು ಅವಳೇ. ಮಗು ಹೇಳಿದ್ದು ಗಿರಗಟ್ಟಲೆಯ ವಿಷಯ, ಅಪ್ಪನ ಕಿವಿಗೆ ಬಿದ್ದದ್ದು ಗುಡಾಣದ ವಿಷಯ. ಕೊನೆಗೆ ಒಂದು ವ್ಯವಸ್ಥೆಯಾಯಿತು: ಪ್ರಯೋಗಕ್ಕೆ ನೀರು ಬೇಕಾದಾಗ ಆ ಮರುಳಪ್ಪನೇ ಬಂದು ಹಾಕಿಕೊಡುವುದು. ‘ನೀವು ಬಾಯಲ್ಲಿ ಹೇಳಿ, ಅವರು ಕೈಯಲ್ಲಿ ಮಾಡ್ತಾರೆ’ ಅಂದರು ಹೆಡ್‌ಮಾಸ್ಟರು, ಏನೋ ಉಪಕಾರ ಮಾಡಿದವರ ಹಾಗೆ.

ಅಂದು ಶ್ರೀರಂಗಯ್ಯ ಮನೆಗೆ ಬಂದು ಚಪ್ಪಲಿಯನ್ನು ಗೋಡೆಗೆ ಒಗೆದರು. ‘ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ. ಒಂದು ಲೋಟ ನೀರು ಬಗ್ಗಿಸಿಕೊಳ್ಳೋ ಯೋಗ್ಯತೆ ಬರ್ಲಿಲ್ಲ ನಂಗೆ!’

‘ಕಂಪ್ಲೇಂಟು ಕೊಡಿ. ಕಾನೂನು ಐತಲ್ಲ’ ಅಂದಳು ಕೊಲ್ಲಾಪುರಮ್ಮ.

‘ಸಾಕ್ಷಿಗೆ ಯಾರು ಬತ್ತಾರೆ? ಮರುಳಪ್ಪ ಬತ್ತಾನಾ?’

‘ಅಂಗಾದ್ರೆ ಸುಮ್ಕಿರಿ. ಮನೆ ಗೋಡೆ ಏನ್ ಮಾಡೈತೆ, ಅದಕ್ಯಾಕೆ ಹೊಡೀತೀರಿ.’

ಒಂದೆರಡು ವಾರ ವ್ಯವಸ್ಥೆಯ ಪ್ರಕಾರವೇ ನಡೆಯಿತು. ಶ್ರೀರಂಗಯ್ಯ ಡಬ್ಬಿ ಹಿಡಿದು ನಿಲ್ಲುವುದು, ಮರುಳಪ್ಪ ಬರುವುದನ್ನು ಇಡೀ ತರಗತಿ ಕಾಯುವುದು. ಮರುಳಪ್ಪ ಕೆಟ್ಟವನಲ್ಲ, ಆದರೆ ಅವನಿಗೆ ಸಂತೆಯ ದಿನ ಸಂತೆ, ಬೀಡಿಯ ಹೊತ್ತಿಗೆ ಬೀಡಿ. ಅವನು ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ತಮ್ಮ ಮೇಷ್ಟ್ರು ನೀರಿಗಾಗಿ ಇನ್ನೊಬ್ಬರ ದಾರಿ ಕಾಯುವುದನ್ನು ಮಕ್ಕಳು ನೋಡುತ್ತಿದ್ದರು. ಶ್ರೀರಂಗಯ್ಯನವರಿಗೆ ಮೈಯೆಲ್ಲ ಉರಿದದ್ದು ಅದಕ್ಕೆ. ತಾನು ಪಾಠ ಮಾಡಲಿ ಬಿಡಲಿ, ಆ ಮಕ್ಕಳು ಮಾತ್ರ ಇದೊಂದು ಪಾಠವನ್ನು ಚೆನ್ನಾಗಿ ಕಲಿಯುತ್ತಿದ್ದರು.

ಆ ಸಿಟ್ಟಿನಲ್ಲೇ ಅವರಿಗೊಂದು ಉಪಾಯ ಹೊಳೆಯಿತು. ನೀರು ಮುಟ್ಟಬಾರದು ತಾನೇ? ಕಾಯಿ ಮುಟ್ಟಬಹುದಲ್ಲ! ತೆಂಗಿನಕಾಯಿಯ ಹೊಟ್ಟೆಯಲ್ಲಿ ನೀರು ಹುಟ್ಟಿನಿಂದಲೇ ಇದೆ. ಅದಕ್ಕೆ ಗುಡಾಣವೂ ಬೇಡ, ಮರುಳಪ್ಪನೂ ಬೇಡ. ಅಪ್ಪನನ್ನು ಜೀವಮಾನವೆಲ್ಲ ಬಗ್ಗಿಸಿದ ಶಾಸ್ತ್ರವನ್ನು ಇವರು ಹಿಡಿದು ಉಲ್ಟಾ ತಿರುಗಿಸಿದರು.

ನಾರು ಪೂರ್ತಿ ಹೆರೆದ ಬೋಳು ಕಾಯಿ ತೆಗೆದುಕೊಂಡರು. ಮೆತ್ತಗಿರುವ ಒಂದು ಕಣ್ಣನ್ನು ಕಾದ ಕಂಬಿಯಿಂದ ಚುಚ್ಚಿ ಅರ್ಧ ನೀರು ಚೆಲ್ಲಿ, ಆವಿ ಮಿತಿಮೀರಿದರೆ ತಾನೇ ಕಳಚಿಕೊಳ್ಳಲಿ ಎಂದು ಬೆಂಡಿನ ಬಿರಡೆಯನ್ನು ಸಡಿಲವಾಗಿ ಇಟ್ಟರು. ಕಾಯಿಯ ಎರಡು ಪಕ್ಕಕ್ಕೆ ತೂತು ಕೊರೆದು, ಮುಗಿದುಹೋದ ಪೆನ್ನಿನ ಹಿತ್ತಾಳೆ ರೀಫಿಲ್ಲುಗಳ ತುದಿ ಕತ್ತರಿಸಿ, ಬಗ್ಗಿಸಿ, ಒಂದರ ಬಾಯಿ ಈ ಕಡೆ, ಇನ್ನೊಂದರದು ಆ ಕಡೆ ಇರುವಂತೆ ಕೂರಿಸಿ, ಸುತ್ತ ಸುಣ್ಣ ಬೆಲ್ಲ ಕಲಸಿ ಮೆತ್ತಿದರು. ತಂತಿಯಲ್ಲಿ ತೂಗುಹಾಕಿ ಕೆಳಗೆ ಚಿಪ್ಪಿನ ಕೆಂಡ ಇಟ್ಟರು. ಮೊದಮೊದಲು ಒಂದು ಕಾಯಿ ಸೀಳಿತು, ಒಂದು ಸೋರಿತು, ಒಂದರ ವಾಸನೆಗೆ ಬೀದಿನಾಯಿಗಳೆಲ್ಲ ಬಂದು ಕೂತವು. ಕೊಲ್ಲಾಪುರಮ್ಮ ಸಾರಿಗೆ ಕಾಯಿಲ್ಲ ಎಂದು ಗೊಣಗಿಕೊಂಡೇ ಸುಣ್ಣ ಕಲಸಿಕೊಟ್ಟಳು. ಕಡೆಗೊಂದು ದಿನ ಕಾಯಿಯ ಎರಡು ಪಕ್ಕದಿಂದಲೂ ಬಿಳಿ ಆವಿ ಚಿಮ್ಮಿತು. ಕಾಯಿ ಮೆಲ್ಲಗೆ ಅಲುಗಿ, ತಿರುಗಿ, ಆಮೇಲೆ ಬುಗುರಿಯಂತೆ ಗಿರಗಿರನೆ ಸುತ್ತತೊಡಗಿತು. ‘ಲೇ ಕೊಲ್ಲಾಪುರಿ, ನೋಡೇ!’ ಎಂದು ಮೇಷ್ಟ್ರು ಅಂಗಳದಲ್ಲಿ ಕೂಗಿದರು. ಬಹಳ ದಿನದ ಮೇಲೆ ಅವರು ನಕ್ಕಿದ್ದರು.

ತರಗತಿಯಲ್ಲಿ ಕಾಯಿ ತಿರುಗಿದ ದಿನ ಪಕ್ಕದ ತರಗತಿಗಳೂ ಖಾಲಿಯಾದವು. ಕಮಿಟಿಯವರು ಸೇರಿ ಚರ್ಚೆ ಮಾಡಿದರು. ಕಣ್ಣು ಚುಚ್ಚಿದ ಕಾಯಿ ಒಡೆದ ಕಾಯಿಯೋ, ಒಡೆಯದ ಕಾಯಿಯೋ? ನಗಬೇಡಿ, ದೊಡ್ಡ ಮನುಷ್ಯರು ವೀಳ್ಯದೆಲೆ ಹಾಕಿಕೊಂಡು ಕೂತು ನಿಜವಾಗಿ ಮಾತಾಡಿದ್ದು ಇದನ್ನೇ. ಶಾಲೆಯ ಹೆಂಚು ಸೋರುತ್ತಿತ್ತು, ಹೆಣ್ಣುಮಕ್ಕಳಿಗೆ ಕಕ್ಕಸು ಇರಲಿಲ್ಲ, ಅದಕ್ಕೆಲ್ಲ ಅವರಿಗೆ ಪುರುಸೊತ್ತಿರಲಿಲ್ಲ. ದೊಡ್ಡಣ್ಣ ತೀರ್ಪು ಕೊಟ್ಟ: ‘ಎರಡು ಹೋಳಾದ್ರೆ ತಾನೇ ಒಡೆದಂಗೆ? ತೂತಿಗೆಲ್ಲ ಏನ್ ಲೆಕ್ಕ, ಬುಡ್ರಪ್ಪ.’

ಇಂಜಿನ್ನಿನ ಸುದ್ದಿ ತಿಪಟೂರಿಗೂ ಹೋಯಿತು. ಇಲಾಖೆಯ ಸಾಹೇಬರೊಬ್ಬರು ಬಂದು ನೋಡುತ್ತಾರೆ, ಮೆಚ್ಚಿದರೆ ವಿಜ್ಞಾನ ವಸ್ತುಪ್ರದರ್ಶನಕ್ಕೆ ಆರಿಸುತ್ತಾರೆ ಎಂದು ಕಾಗದ ಬಂತು. ಶ್ರೀರಂಗಯ್ಯ ಒಳ್ಳೊಳ್ಳೆ ಕಾಯಿ ಆರಿಸಿ ಸಿದ್ಧಮಾಡಿಕೊಂಡರು. ಸಾಹೇಬರು ಬರುವ ಬೆಳಿಗ್ಗೆ ತೋಂಟದಾರ್ಯರು ಅವರನ್ನು ಪಕ್ಕಕ್ಕೆ ಕರೆದರು.

‘ಶುರುವಿನಲ್ಲಿ ಸರಸ್ವತಿ ಪೂಜೆ ಇದೆ. ಆ ಕಾಯಿಗೂ ಪೂಜೆ ಆಗಬೇಕು ಅಂತ ದೊಡ್ಡಣ್ಣನೋರ ಆಸೆ. ಪೂಜೆ ಅಂದ ಮೇಲೆ ನಿಮಗೇ ಗೊತ್ತಲ್ಲ. ಮರುಳಪ್ಪ ನಡೆಸಿಕೊಡ್ತಾರೆ. ನೀವು ಬೋರ್ಡ್ ಹತ್ತಿರ ನಿಂತು ವಿವರಣೆ ಕೊಡಿ.’

‘ನಾನು ಮಾಡಿದ ಇಂಜಿನ್ನು ಸಾರ್ ಅದು.’

‘ಯಾರು ಇಲ್ಲ ಅಂದ್ರು? ಶಾಲೆಯ ಹೆಸರು ಮುಖ್ಯ. ಸ್ವಲ್ಪ ದೊಡ್ಡ ಮನಸ್ಸು ಮಾಡಿ.’

ದೊಡ್ಡ ಮನಸ್ಸು! ಆ ಊರಿನಲ್ಲಿ ತೋಟ ದೊಡ್ಡವರದು, ಮನೆ ದೊಡ್ಡವರದು, ದೊಡ್ಡ ಮನಸ್ಸು ಮಾತ್ರ ಯಾವಾಗಲೂ ಶ್ರೀರಂಗಯ್ಯನಂಥವರೇ ಮಾಡಬೇಕು. ಅವರು ಹಲ್ಲು ಕಚ್ಚಿಕೊಂಡು ಬೋರ್ಡಿನ ಪಕ್ಕ ಹೋಗಿ ನಿಂತರು.

ಮರುಳಪ್ಪ ಮಡಿಯುಟ್ಟು ಬಂದಿದ್ದ. ಕಾರ್ಯಕ್ರಮದ ನಡುವೆ ಬಿರಡೆ ಕಳಚಿ ಮರ್ಯಾದೆ ಹೋಗಬಾರದೆಂದು ಬೆಂಡನ್ನು ತೆಗೆದುಹಾಕಿ, ಒಳಗಿನ ಕೋಣೆಯಲ್ಲೇ ಒಂದು ಮರದ ಗೂಟವನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದ. ಆಮೇಲೆ ಪೂಜೆ. ವಿಭೂತಿಯನ್ನು ನೀರಲ್ಲಿ ಕಲಸಿ ಕಾಯಿಗೆ ದಪ್ಪಗೆ ಮೂರೆಳೆ ಪಟ್ಟೆ ಹೊಡೆದ. ಕಾಯಿಯ ಕೈಗಳಂತೆ ಚಾಚಿಕೊಂಡಿದ್ದ ಎರಡು ರೀಫಿಲ್ಲುಗಳನ್ನೂ ಭಕ್ತಿಯಿಂದ ಬಿಡಲಿಲ್ಲ, ಅವುಗಳ ತುದಿಗೂ ವಿಭೂತಿ ಮೆತ್ತಿ ಮೇಲೆ ಗಂಧ, ಕುಂಕುಮ ಇಟ್ಟ. ಬೋರ್ಡಿನ ಹತ್ತಿರದಿಂದ ನೋಡಿದರೆ ಕಾಯಿ ಮದುವಣಗಿತ್ತಿಯಂತೆ ಕಾಣುತ್ತಿತ್ತೇ ಹೊರತು ಏನು ಎಲ್ಲಿ ಮುಚ್ಚಿಕೊಂಡಿದೆ ಎಂದು ತಿಳಿಯುವಂತಿರಲಿಲ್ಲ. ಕರ್ಪೂರ ಬೆಳಗಿ, ಕೆಂಡದ ಮೇಲೆ ತೂಗುಹಾಕಿದರು. ಬೀಸಣಿಗೆ ಬೀಸುವುದಕ್ಕೆ ದೊಡ್ಡಣ್ಣನ ಮಗಳನ್ನು ಕೂರಿಸಿದರು. ಸಾಹೇಬರ ಕುರ್ಚಿ ದೂರವಿತ್ತು, ಮಕ್ಕಳು ಮುಂದೆ ನೆಲದ ಮೇಲೆ ಒತ್ತೊತ್ತಾಗಿ ಕೂತಿದ್ದರು.

ಶ್ರೀರಂಗಯ್ಯ ವಿವರಣೆ ಮುಗಿಸಿದರು. ಕಾಯಿ ತಿರುಗಲಿಲ್ಲ. ಮತ್ತಷ್ಟು ಬೀಸು ಅಂದ ಮರುಳಪ್ಪ. ಕಾಯಿ ತಿರುಗುವ ಬದಲು ಒಳಗೇ ಗೊರಗೊರ ಎನ್ನತೊಡಗಿತು. ಮೆತ್ತಿದ್ದ ಸುಣ್ಣದ ಸಂದಿನಿಂದ ಸೂಜಿಯಷ್ಟು ಆವಿ ಸೀಟಿ ಹೊಡೆಯಿತು. ಶ್ರೀರಂಗಯ್ಯ ಎರಡು ಹೆಜ್ಜೆ ಮುಂದೆ ಬಂದು ದಿಟ್ಟಿಸಿದಾಗ ರೀಫಿಲ್ಲಿನ ಬಾಯಲ್ಲಿ ವಿಭೂತಿ ಒಣಗಿ ಗಾರೆಯಂತೆ ಕಲ್ಲಾಗಿರುವುದು ಕಂಡಿತು. ಬೆಂಡಿನ ಜಾಗದಲ್ಲಿ ಗೂಟ ಕಂಡಿತು.

‘ಎಲ್ಲಾ ಹಿಂದಕ್ಕೆ ಹೋಗ್ರೋ! ಮರುಳಪ್ಪ, ತೆಗೀರಿ ಅದನ್ನ!’

ತೋಂಟದಾರ್ಯರು ಕೈಯಲ್ಲೇ ಸನ್ನೆ ಮಾಡಿದರು, ನಿಮ್ಮ ಜಾಗಕ್ಕೆ ಹೋಗಿ ಎಂದು. ಮರುಳಪ್ಪ ಅಲ್ಲೇ ಬೆಪ್ಪಾಗಿ ನಿಂತ. ಹುಡುಗಿ ಬೀಸುತ್ತಲೇ ಇದ್ದಳು, ಅವಳ ಮುಖಕ್ಕೂ ಕಾಯಿಗೂ ಮೊಳದ ಅಂತರ. ಶ್ರೀರಂಗಯ್ಯ ಒಂದೇ ನೆಗೆತಕ್ಕೆ ಹೋಗಿ ಎರಡೂ ಕೈಯಲ್ಲಿ ಕಾಯಿಯನ್ನು ಅಪ್ಪಿ ಹಿಡಿದು, ತಂತಿ ಕಿತ್ತು, ಗೂಟದ ಕಡೆಯನ್ನು ಖಾಲಿ ಗೋಡೆಗೆ ತಿರುಗಿಸಿದರು. ಅಷ್ಟೇ. ಗೂಟ ಗುಂಡಿನಂತೆ ಹಾರಿ ಗೋಡೆಯ ಗಾರೆ ಕಿತ್ತಿತು. ಕುದಿನೀರು ಅವರ ಕೈಮೇಲೆ ಉಕ್ಕಿತು. ಹಿಂದಕ್ಕೆ ಒದ್ದ ಕಾಯಿ ಅವರ ಹಿಡಿತ ಬಿಡಿಸಿಕೊಂಡು ಭುಜದ ಮೇಲಿಂದ ವರಾಂಡ ದಾಟಿ ಅಂಗಳಕ್ಕೆ ಹೋಗಿ ಬಿತ್ತು. ಜೆಟ್ ಅಂದರೆ ಏನೆಂದು ಅವತ್ತು ಶಾಲೆಗೆ ಶಾಲೆಯೇ ನೋಡಿತು.

ಮಕ್ಕಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಮೇಷ್ಟ್ರ ಅಂಗೈಗಳು ಸುಲಿದುಹೋಗಿದ್ದವು. ಅವರು ಉರಿ ತಾಳಲಾರದೆ ವರಾಂಡಕ್ಕೆ ಓಡಿದರು. ಅಲ್ಲೇ ಇತ್ತು ಗುಡಾಣ, ತುಂಬಿದ ಗುಡಾಣ, ತಣ್ಣನೆಯ ನೀರು. ಹಿಂದಿನಿಂದ ತೋಂಟದಾರ್ಯರ ದನಿ ಬಂತು: ‘ತಡೀರಿ, ತಡೀರಿ! ಲೋಟ ತನ್ರೋ ಯಾರಾದ್ರೂ, ಮೇಲಿಂದ ಸುರೀರಿ!’

ಕೈ ಬೆಂದ ಮನುಷ್ಯನಿಗೆ, ಮಕ್ಕಳ ಕಣ್ಣು ಉಳಿಸಿದ ಮನುಷ್ಯನಿಗೆ, ತಡೀರಿ! ಶ್ರೀರಂಗಯ್ಯ ತಡೆಯಲಿಲ್ಲ. ಎರಡೂ ಕೈಗಳನ್ನು ಮೊಳಕೈವರೆಗೆ ಗುಡಾಣಕ್ಕೆ ಅದ್ದಿ, ಅಲ್ಲೇ ಮಂಡಿಯೂರಿ ಕೂತರು.

ಸಾಹೇಬರು ಹೋಗುವ ಮುಂಚೆ ಭಾಷಣ ಮಾಡಿ, ಇಂಥ ಪ್ರಯತ್ನಕ್ಕಾಗಿ ಹೆಡ್‌ಮಾಸ್ಟರರನ್ನೂ ಮರುಳಪ್ಪನವರನ್ನೂ ಅಭಿನಂದಿಸಿದರು, ಮುಂದೆ ಎಚ್ಚರಿಕೆ ಇರಲಿ ಎಂದೂ ಹೇಳಿದರು. ಸಂಜೆ ಗುಡಾಣವನ್ನು ಶಾಲೆಯ ಹಿಂದೆ ಒಯ್ದು ಒಡೆದರು. ವಿಭೂತಿ ಮೆತ್ತಿದ ಕೈಗೆ ಯಾರೂ ಏನೂ ಅನ್ನಲಿಲ್ಲ, ತಪ್ಪೆಲ್ಲ ಗುಡಾಣದ್ದಾಯಿತು.

ಒಂದೆರಡು ದಿನ ಬಿಟ್ಟು ದೊಡ್ಡಣ್ಣ ಕಾಲೋನಿಗೆ ಬಂದ. ಜೊತೆಗೆ ಆಳಿನ ತಲೆಯ ಮೇಲೆ ಒಂದು ಕುಕ್ಕೆ ಕಾಯಿ, ಒಂದು ಕುಡಿಕೆ ಬೆಣ್ಣೆ. ಬಾಗಿಲಾಚೆಯೇ ನಿಂತ. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರೂ ಅಲ್ಲ. ‘ನಮ್ ಮಗೀನ ಮಖ ಉಳಿಸಿದ್ರಿ ಮೇಷ್ಟ್ರೇ. ನಿಮ್ ಋಣ ತೀರ್ಸಕ್ಕಾಗಲ್ಲ. ಏನ್ ಬೇಕೋ ಕೇಳಿ, ಇಲ್ಲ ಅಂದ್ರೆ ಕೇಳಿ.’

ಶ್ರೀರಂಗಯ್ಯ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ‘ಏನೂ ಬೇಡ ಗೌಡ್ರೇ. ಬಿಸಿಲಲ್ಲಿ ಬಂದಿದ್ದೀರಿ. ನಮ್ಮನೇಲಿ ಒಂದು ಲೋಟ ನೀರು ಕುಡೀರಿ, ಸಾಕು’ ಅಂದರು.

ಕೊಲ್ಲಾಪುರಮ್ಮ ಬೆಳಗಿದ ಲೋಟದಲ್ಲಿ ನೀರು ತಂದು ಚಾಚಿದಳು. ದೊಡ್ಡಣ್ಣ ಲೋಟ ನೋಡಿದ, ಆಳಿನ ಕಡೆ ನೋಡಿದ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ‘ಈಗ ತಾನೇ ಕಾಪಿ ಆಯ್ತು ಕಣವ್ವ’ ಅಂದ. ಆಮೇಲೆ ಕುಕ್ಕೆ ಇಳಿಸಿ ಹೋದ. ಕೊಲ್ಲಾಪುರಮ್ಮ ಆ ನೀರನ್ನು ಅಂಗಳಕ್ಕೆ ಚೆಲ್ಲಿ, ಕಾಯಿಯ ಕುಕ್ಕೆಯನ್ನೂ ಬೆಣ್ಣೆಯ ಕುಡಿಕೆಯನ್ನೂ ಅವನ ಹಿಂದೆಯೇ ಆಳಿನ ಕೈಲಿ ವಾಪಸ್ಸು ಕಳಿಸಿದಳು. ಮೇಷ್ಟ್ರು ಅಂದು ಯಾರನ್ನೂ ಬಯ್ಯಲಿಲ್ಲ. ಅದನ್ನು ಕಂಡೇ ಅವಳಿಗೆ ಹೆದರಿಕೆಯಾಯಿತು.

ಸೋಮವಾರ ಅವರು ಶಾಲೆಗೆ ಹೋದಾಗ ವರಾಂಡದಲ್ಲಿ ಹೊಸ ಗುಡಾಣ ಕೂತಿತ್ತು. ಶ್ರೀರಂಗಯ್ಯ ತರಗತಿಗೆ ಹೋಗಿ ಕೈಯ ಬಟ್ಟೆ ಬಿಚ್ಚಿದರು. ಅಂಗೈ ಇನ್ನೂ ಕೆಂಪಗೆ ಹಸಿಯಾಗಿತ್ತು. ಡಾಲ್ಡಾ ಡಬ್ಬಿ ತೆಗೆದುಕೊಂಡು ಹೊರಗೆ ಬಂದು, ಮಕ್ಕಳೆಲ್ಲ ನೋಡುತ್ತಿರುವಂತೆಯೇ ಲೋಟವನ್ನು ಹೊಸ ಗುಡಾಣಕ್ಕೆ ಅದ್ದಿ ಡಬ್ಬಿ ತುಂಬಿದರು. ಲೋಟ ಹಿಡಿದಾಗ ನೋವಿಗೆ ಮುಖ ಕಿವುಚಿತು.

ತೋಂಟದಾರ್ಯರು ಕೋಣೆಯಿಂದ ಓಡಿ ಬಂದರು. ‘ಏನ್ರೀ ಇದು ಶ್ರೀರಂಗಯ್ಯ! ಮೊನ್ನೆ ಏನೋ ಅವಘಡ, ಸರಿ. ಇವತ್ತು ಬೇಕೂಂತಲೇ... ಹೊಸ ಗುಡಾಣ ಕಣ್ರೀ ಅದು!’

‘ಹೌದು ಸಾರ್, ಚೆನ್ನಾಗಿದೆ. ಬೇಕಾದ್ರೆ ಒಡೆಸಿ, ಇನ್ನೊಂದು ತರಿಸಿ. ನಾಳೆ ಅದನ್ನೂ ಮುಟ್ತೀನಿ. ನಾಡಿದ್ದೂ ಮುಟ್ತೀನಿ. ಕುಂಬಾರರಿಗೂ ನಾಲ್ಕು ಕಾಸು ಆಗ್ಲಿ.’

‘ಮೇಲಕ್ಕೆ ಬರೀಬೇಕಾಗುತ್ತೆ!’

‘ಬರೀರಿ. ನೀರು ಮುಟ್ಟಿದ ಅಂತಲೇ ಬರೀರಿ. ಸ್ವಚ್ಛತೆ ಅಂತ ಬರೀಬೇಡಿ. ನನಗೂ ಅದೊಂದು ಕಾಗದ ಬೇಕಾಗಿದೆ.’

ತೋಂಟದಾರ್ಯರು ಬರೆಯಲಿಲ್ಲ. ಬರೆದರೆ ತಮ್ಮ ಕೈಯಿಂದಲೇ ತಮಗೆ ಕೇಸು ಎಂಬಷ್ಟು ಬುದ್ಧಿ ಅವರಿಗಿತ್ತು. ಗುಡಾಣ ಒಡೆಸಿದರು. ಹೊಸದು ಬಂತು, ಮೇಷ್ಟ್ರು ಅದಕ್ಕೂ ಲೋಟ ಅದ್ದಿದರು. ಅದನ್ನೂ ಒಡೆಸಿದರು. ಶಾಲೆಯ ಹಿಂದೆ ಒಡೆದ ಮಡಕೆಯ ಬೋಕಿಯ ರಾಶಿ ಬೆಳೆಯಿತು. ಮತ್ತೊಂದು ಬಂತು, ಅದಕ್ಕೂ ಮೇಷ್ಟ್ರ ಲೋಟ ಬಿತ್ತು; ಅದರ ಬದಲಿಗೆ ದುಡ್ಡು ಕೊಡಿ ಎಂದು ಕಮಿಟಿಯವರನ್ನು ಕೇಳಿದರೆ ಒಬ್ಬರೂ ಜೇಬಿಗೆ ಕೈ ಹಾಕಲಿಲ್ಲ. ಮಡಿ ಎಲ್ಲರಿಗೂ ಬೇಕಿತ್ತು, ಅದರ ಖರ್ಚು ಯಾರಿಗೂ ಬೇಡವಾಗಿತ್ತು.

ಕೊನೆಯ ಗುಡಾಣವನ್ನು ಯಾರೂ ಒಡೆಯಲಿಲ್ಲ. ಊರಿಗೆ ಬುದ್ಧಿ ಬಂತೆಂದು ತಿಳಿಯಬೇಡಿ, ಬಂದಿರಲಿಲ್ಲ. ಶ್ರೀರಂಗಯ್ಯ ಅದರಿಂದಲೇ ನೀರು ಬಗ್ಗಿಸಿಕೊಂಡು, ಮಾಗಿದರೂ ಸುಕ್ಕಾಗಿಯೇ ಉಳಿದ ಕೈಗಳಿಂದ, ಮತ್ತೆ ವರ್ಗವಾಗುವವರೆಗೂ ಡಬ್ಬಿ ಕಾಯಿಸಿ ಗಿರಗಟ್ಟಲೆ ತಿರುಗಿಸಿದರು. ದೊಡ್ಡಣ್ಣನ ಮಗಳು ಆಟದ ಬಿಡುವಿನಲ್ಲಿ ಓಡಿ ಬಂದು, ಮೇಷ್ಟ್ರು ಇಟ್ಟ ಲೋಟವನ್ನೇ ಎತ್ತಿ ಗಟಗಟನೆ ನೀರು ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಮಾತ್ರ ಅವಳು ಮತ್ತೆಂದೂ ಶಾಲೆಯ ಸುದ್ದಿ ಹೇಳಲಿಲ್ಲ.